ಹೊಟ್ಟೆ ಸರಿಹೋದರೆ ಖಿನ್ನತೆ ಹೋಗುತ್ತದೆಯೇ?

ಮಾನ್ಯ ಸಂಪಾದಕರೇ,

ಮನಸ್ಸಿನ ಸ್ಥಿತಿಯ ಜೊತೆ ನಂಟಿದೆ ಎನ್ನಲಾಗುವ ಸೆರೊಟೋನಿನ್ ಎಂಬ ದೇಹದ ರಾಸಾಯನಿಕದಲ್ಲಿ ಸುಮಾರು ಶೇ 90ರಷ್ಟು ಕರುಳಲ್ಲೇ ತಯಾರಾಗುತ್ತದೆ, ಹಾಗಾಗಿ ಹೊಟ್ಟೆ ಸರಿಮಾಡಿಕೊಂಡರೆ ಖಿನ್ನತೆ ಹೋಗುತ್ತದೆ ಎಂಬ ಮಾತು ಆರೋಗ್ಯ ಬರಹಗಳಲ್ಲಿ ಈಚೆಗೆ ಜಾಸ್ತಿ ಕಾಣುತ್ತಿದೆ. ಇದು ಅರ್ಧ ಸತ್ಯ. ಲೆಕ್ಕವೇನೋ ಸರಿ. ಆದರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ನಡುವೆ ತಡೆಗೋಡೆ ಇದೆ. ಮಿದುಳು ತನಗೆ ಬೇಕಾದ್ದನ್ನು ಆಹಾರದಿಂದ ಸಿಗುವ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲದಿಂದ ತಾನೇ ತಯಾರಿಸಿಕೊಳ್ಳುತ್ತದೆ. ಹಾಗಂತ ಕರುಳಿಗೂ ಮನಸ್ಸಿಗೂ ನಂಟೇ ಇಲ್ಲ ಎಂದಲ್ಲ. ಮಿದುಳಿನಿಂದ ಹೊಟ್ಟೆಯವರೆಗೆ ಹೋಗುವ ವೇಗಸ್ ನರದ ಮೂಲಕ ಎರಡೂ ಸದಾ ಸುದ್ದಿ ವಿನಿಮಯ ಮಾಡಿಕೊಳ್ಳುತ್ತವೆ. ಪರೀಕ್ಷೆಗೆ ಮುಂಚೆ ಹೊಟ್ಟೆ ಕಲಸಿದ ಅನುಭವ ಯಾರಿಗಿಲ್ಲ!

ಮಿದುಳಿನ ಕಥೆಯೂ ಅಷ್ಟು ಸರಳವಲ್ಲ. ಅಲ್ಲಿ ಸೆರೊಟೋನಿನ್ ಕೊರತೆಯಾಗುವುದೇ ಖಿನ್ನತೆಗೆ ಕಾರಣ ಎಂಬ ಮಾತಿದೆ. ಆದರೆ ಸೆರೊಟೋನಿನ್ ಹೆಚ್ಚಿಸುವ ಖಿನ್ನತೆಯ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಏರುತ್ತದೆ, ಮನಸ್ಸು ಹಗುರಾಗಲು ಮಾತ್ರ ವಾರಗಳೇ ಬೇಕು. ಸುಮ್ನೆ ಕೊರತೆ ತುಂಬುವ ಕೆಲಸವಾಗಿದ್ದರೆ ಇಷ್ಟು ತಡವೇಕೆ, ಅಲ್ವಾ? 2022ರಲ್ಲಿ ಪ್ರಕಟವಾದ ದೊಡ್ಡ ವಿಮರ್ಶೆಯೊಂದು ಈ ಕೊರತೆಗೆ ಗಟ್ಟಿ ಪುರಾವೆ ಸಿಗಲಿಲ್ಲ ಎಂದಿತು. ಅದನ್ನೋದಿ ಮಾತ್ರೆಯೇ ದಂಡ ಅಂದುಕೊಂಡವರೂ ಇದ್ದಾರೆ. ಆದರೆ ಅದು ಮಾತ್ರೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನೋಡಿದ ವಿಮರ್ಶೆಯಲ್ಲ.

ಇಂಥ ಬರಹಗಳ ಕೆಳಗೆ, ವೈದ್ಯರನ್ನು ಕೇಳದೆ ಮಾತ್ರೆಯನ್ನು ದಿಢೀರ್ ನಿಲ್ಲಿಸಬಾರದು ಎಂಬ ಒಂದು ಸಾಲನ್ನಾದರೂ ಪತ್ರಿಕೆಗಳು ತಪ್ಪದೆ ಹಾಕಲಿ.

– ಒಬ್ಬ ಓದುಗ