ಶೆಟ್ಟಿಹಳ್ಳಿ ಚರ್ಚಿಗೆ ಬಣ್ಣದ ಹೊಗೆ ಬೇಡ

ಮಾನ್ಯ ಸಂಪಾದಕರೇ,

ಹೇಮಾವತಿಯ ಹಿನ್ನೀರು ಇಳಿಯುತ್ತಿದ್ದಂತೆ ಹಾಸನ ಸಮೀಪದ ಶೆಟ್ಟಿಹಳ್ಳಿ ಚರ್ಚಿನ ಕಡೆಗೆ ಕ್ಯಾಮೆರಾಗಳ ದಂಡು ಹೊರಡುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಗೊರೂರು ಅಣೆಕಟ್ಟೆಯಿಂದಾಗಿ ಪಾಳುಬಿದ್ದ ಕಟ್ಟಡ ಅದು. ಪ್ರಿ-ವೆಡ್ಡಿಂಗ್ ಶೂಟ್‌ಗೆ ಅಲ್ಲಿಗೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಬಣ್ಣದ ಹೊಗೆ ಉಗುಳುವ ಡಬ್ಬಿ, ಅಂದರೆ ಸ್ಮೋಕ್ ಬಾಂಬ್ ಹಚ್ಚುವುದು, ವಧೂವರರನ್ನು ಮುರುಕು ಗೋಡೆಯ ಮೇಲೆ ಹತ್ತಿಸುವುದು ಕಟ್ಟಡಕ್ಕೂ ಕೇಡು, ಚಿತ್ರಕ್ಕೂ ಕೇಡು.

ಹೊಗೆ ಹಾಕುವುದು ಬೆಳಕಿನ ಕೋಲಿನ ಆಸೆಗೆ. ಆದರೆ ಅದು ಕಾಣಬೇಕಾದರೆ ಕತ್ತಲ ಕೋಣೆ ಬೇಕು, ಸಣ್ಣ ಕಿಂಡಿ ಬೇಕು, ಹಿಂದೆ ಕಪ್ಪು ಗೋಡೆ ಬೇಕು. ಶೆಟ್ಟಿಹಳ್ಳಿಯಲ್ಲಿ ಚಾವಣಿಯೇ ಇಲ್ಲ. ಬೆಳಕು ಆಕಾಶದಿಂದ ನೇರ ಸುರಿಯುತ್ತದೆ, ಹಿನ್ನೀರಿನ ಗಾಳಿ ಕಿಟಕಿಗಳಿಂದ ನುಗ್ಗುತ್ತದೆ. ಒಂದೂವರೆ ನಿಮಿಷ ಉರಿಯುವ ಡಬ್ಬಿಯಿಂದ ಸಿಗುವುದು ಮುಖಕ್ಕೆ ಅಡ್ಡ ಬಂದ ಗುಲಾಬಿ ಮಬ್ಬು ಅಷ್ಟೆ. ಆ ಬಣ್ಣ ಚರ್ಮಕ್ಕೂ ಹೊಡೆಯುವುದರಿಂದ ಎಡಿಟಿಂಗ್‌ನಲ್ಲೂ ಸರಿಹೋಗದು. ಅತ್ತ ಸುಣ್ಣದ ಗಾರೆಯ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಹೀರಿಕೊಳ್ಳುತ್ತವೆ. ಉಜ್ಜಿ ತೆಗೆಯಲು ಹೋದರೆ ಗಾರೆಯ ಮೇಲ್ಪದರವೇ ಉದುರುತ್ತದೆ. ಫೆಬ್ರವರಿಯ ನಂತರ ಸುತ್ತಲ ಹುಲ್ಲು ಒಣಗಿರುತ್ತದೆ, ಬಿಸಿ ಡಬ್ಬಿ ಬಿದ್ದರೆ ಬೆಂಕಿಯೇ. ಇನ್ನು ಹಳೆಯ ಕಮಾನುಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆ, ಡ್ರೋನ್ ಎರಡೂ ಅದನ್ನು ಕೆಣಕುತ್ತವೆ. ಲೆಹೆಂಗಾ ತೊಟ್ಟವರು ಆಗ ಓಡುವುದೆಲ್ಲಿಗೆ?

ಮಬ್ಬು ಬೇಕಾದವರು ಚಳಿಗಾಲದಲ್ಲಿ ಸೂರ್ಯ ಮೂಡುವ ಅರ್ಧ ಗಂಟೆ ಮೊದಲೇ ಹೋಗಲಿ. ನೀರಿನ ಮೇಲಿನ ಮಂಜಿಗೆ ಕಾಸು ಕೊಡಬೇಕಿಲ್ಲ. ದೂರದ್ದನ್ನು ಹತ್ತಿರ ತೋರುವ 85ರಿಂದ 135 ಮಿ.ಮೀ. ಲೆನ್ಸ್ ಹಾಕಿ ಬೆಳಕಿಗೆ ಎದುರಾಗಿ ತೆಗೆದರೆ ಮಂಜು ಪದರಪದರವಾಗಿ ಕಾಣುತ್ತದೆ. ಬೆಳಕು ಅಳೆಯುವ ಕ್ಯಾಮೆರಾದ ಮೀಟರನ್ನು ನಂಬಿದರೆ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ, ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಮುಕ್ಕಾಲು ಸ್ಟಾಪ್ ಏರಿಸಬೇಕು; ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ. ಎಸಿ ಕಾರಿನಿಂದ ಕ್ಯಾಮೆರಾವನ್ನು ಒಮ್ಮೆಲೇ ಹೊರತೆಗೆದರೆ ಲೆನ್ಸ್ ಮೇಲೆ ಹನಿ ಕೂರುವುದುಂಟು. ಬ್ಯಾಗಿನ ಜಿಪ್ ಮುಚ್ಚಿಟ್ಟೇ ಇಪ್ಪತ್ತು ನಿಮಿಷ ಹೊರಗಿಡಿ.

ಬಿಸಿಲೇರಿದ ಮೇಲೂ ಕೆಲಸ ನಿಲ್ಲಬೇಕಿಲ್ಲ. ಒಂದು ಬದಿಯ ಗೋಡೆಗೆ ಬಿಸಿಲು, ಎದುರಿನದಕ್ಕೆ ನೆರಳು ಇರುವ ಹೊತ್ತೇ ಅತ್ಯುತ್ತಮ. ವ್ಯಕ್ತಿ ನೆರಳಿನಲ್ಲಿ ನಿಂತು ಬಿಸಿಲು ಬಿದ್ದ ಗೋಡೆಯತ್ತ ಮುಖ ಮಾಡಿದರೆ ಆ ಗೋಡೆಯೇ ಮುಖಕ್ಕೆ ಬೆಳಕು ಮರಳಿಸುವ ಬೃಹತ್ ರಿಫ್ಲೆಕ್ಟರ್. ತೊಂದರೆ ಮೇಲಿನ ಆಕಾಶದ್ದು: ಅದು ಕಣ್ಣಿನ ಗುಳಿಗಳಲ್ಲಿ ಕಪ್ಪು ತುಂಬುತ್ತದೆ. ಗಟ್ಟಿಯಾದ ಕಮಾನಿದ್ದರೆ ಅದರ ಅಂಚಿನಿಂದ ಎರಡು–ಮೂರು ಅಡಿ ಒಳಗೆ ನಿಲ್ಲಿಸಿದರೆ ಮೇಲಿನ ಬೆಳಕು ಕಡಿತವಾಗಿ ಮುಂದಿನದು ಮಾತ್ರ ಉಳಿಯುತ್ತದೆ. ಕಮಾನಿನಲ್ಲಿ ಬಿರುಕು ಕಂಡರೆ, ಇಟ್ಟಿಗೆ ಜಾರಿದ್ದರೆ ಆ ಆಸೆ ಬಿಡಿ. ಬಯಲಿನಲ್ಲೇ ಇಬ್ಬರು ಸಹಾಯಕರು ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹಿಡಿದರೂ ಅದೇ ಫಲ. ಮುಖದ ಮೇಲಷ್ಟೇ ಬೆಳಕು ಅಳೆದು (ಸ್ಪಾಟ್ ಮೀಟರ್), ಲೆನ್ಸ್ ಕಿಂಡಿ ಎಫ್ 2, ಬೆಳಕಿನ ಸಂವೇದನೆ ಐಎಸ್‌ಒ 200ರಿಂದ ಆರಂಭಿಸಿ. ಹಾಸಿದ ಹುಲ್ಲು ಗದ್ದಕ್ಕೆ ಹಸಿರು ಬಳಿಯುತ್ತದೆ, ಕಾಲಬುಡದಲ್ಲಿ ಬಿಳಿ ಪಂಚೆ ಹರಡಿದರೆ ಸಾಕು. ಫ್ಲ್ಯಾಶ್‌ಗೆ ಛತ್ರಿ ಕಟ್ಟಬೇಡಿ, ಈ ಗಾಳಿಗೆ ಅದು ಹಾಯಿಯಾಗಿ ಸ್ಟ್ಯಾಂಡನ್ನೇ ಕೆಡವುತ್ತದೆ. ಬೆಳಕನ್ನು ಮೃದುವಾಗಿಸುವ ಬಟ್ಟೆಯ ಪೆಟ್ಟಿಗೆ, ಅಂದರೆ ಚಿಕ್ಕ ಸಾಫ್ಟ್‌ಬಾಕ್ಸ್ ಸಾಕು, ಸ್ಟ್ಯಾಂಡಿನ ಬುಡಕ್ಕೆ ಐದು ಕಿಲೋ ಮರಳಿನ ಚೀಲ.

ಗೋಡೆ ಹತ್ತುವುದು ಏಕೆ ಅಪಾಯವೆಂದು ಹಲವರಿಗೆ ತಿಳಿದಿಲ್ಲ. ಚಾವಣಿ ಇದ್ದಾಗ ಅದರ ತೊಲೆಗಳು ಎರಡೂ ಗೋಡೆಗಳನ್ನು ಬಿಗಿದಿಡುತ್ತವೆ. ಈಗ ಪ್ರತಿ ಗೋಡೆಯೂ ಒಂಟಿ. ವರ್ಷವರ್ಷ ನೀರಲ್ಲಿ ನೆನೆದು, ಬಿಸಿಲಲ್ಲಿ ಒಣಗಿ ಸುಣ್ಣ ಕರಗಿ ಹೋಗಿದೆ, ಇಟ್ಟಿಗೆಗಳು ಭಾರದಿಂದ ಮಾತ್ರ ಕೂತಿವೆ. ಪಕ್ಕದಿಂದ ಬರುವ ಒಂದು ಕಾಲಿನ ನೂಕು ಸಾಕು. ಮೇಲಕ್ಕೆ ಹೋದಂತೆ ಅಗಲವಾಗುವ ಬಿರುಕು ಕಂಡರೆ ಗೋಡೆ ಹೊರಕ್ಕೆ ವಾಲುತ್ತಿದೆ ಎಂದರ್ಥ. ಫ್ರೇಮಿಗೆ ಅಡ್ಡ ಬಂತೆಂದು ಅರಳಿ ಸಸಿಯನ್ನು ಕೀಳುವವರೂ ಇದ್ದಾರೆ. ಬೇರು ಗಾರೆಯನ್ನೂ ಇಟ್ಟಿಗೆಯನ್ನೂ ಹಿಡಿದುಕೊಂಡೇ ಬರುತ್ತದೆ. ನೆಲವನ್ನೂ ನಂಬುವಂತಿಲ್ಲ. ಒಣಗಿ ಸೀಳು ಬಿಟ್ಟ ಪದರದ ಕೆಳಗೆ ಹಸಿ ಕೆಸರು ಇರುತ್ತದೆ. ಕೋಲಿನಿಂದ ಒತ್ತಿ ನೋಡಿ, ಟ್ರೈಪಾಡಿನ ಕಾಲುಗಳ ಕೆಳಗೆ ಅಂಗೈ ಅಗಲದ ಪ್ಲೈವುಡ್ ತುಂಡುಗಳನ್ನಿಡಿ.

ಹಳೇಬೀಡಿನಲ್ಲಿ ಟ್ರೈಪಾಡ್ ಬಿಚ್ಚಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಶೆಟ್ಟಿಹಳ್ಳಿಗೆ ಅಷ್ಟು ಬಿಗಿ ಬೇಡ. ಬಿರುಕು ಬಿಟ್ಟ, ವಾಲಿದ ಗೋಡೆಗಳಿಂದ ಹತ್ತಡಿ ದೂರಕ್ಕೆ ಹಗ್ಗ ಕಟ್ಟಲಿ, ಹೊಗೆ ಮತ್ತು ಗೋಡೆ ಹತ್ತುವುದನ್ನು ನಿಷೇಧಿಸುವ ಫಲಕವನ್ನು ಜಿಲ್ಲಾಡಳಿತ ಹಾಕಿಸಲಿ. ಫಲಕವನ್ನು ವಾಹನ ನಿಲ್ಲುವ ಎತ್ತರದ ಜಾಗದಲ್ಲೇ ನೆಡಬೇಕು; ಚರ್ಚಿನ ಪಕ್ಕ ನೆಟ್ಟರೆ ಮುಂದಿನ ಮಳೆಗಾಲಕ್ಕೆ ಅದೂ ನೀರೊಳಗೆ.

– ಕೆಲವು ಛಾಯಾಗ್ರಾಹಕರು, ಹಾಸನ