ಚೀಲದ ತಳದಲ್ಲಿರೋ ಕಾಯಿ

ಪ್ರೀತಿಯ ಪುಟ್ಟಿಗೆ ಚಳ್ಳಕೆರೆಯಿಂದ ದೊಡ್ಡಪ್ಪನ ಆಶೀರ್ವಾದಗಳು.

ನೀನು ತಮಿಳುನಾಡಿನ ಅರಿಯಲೂರಿಂದ ಕಳಿಸಿದ ಫೋಟೋ ನೋಡ್ದೆ ಕಣವ್ವ, ಕಲ್ಲಲ್ಲಿ ಉಳಿದಿರೋ ಆ ಹಳೇ ಸಮುದ್ರಪ್ರಾಣಿಯ ಸುರುಳಿ ಚಿಪ್ಪು, ಅದೇ ಅಮ್ಮೊನೈಟು, ಊಟದ ತಟ್ಟೆಯಷ್ಟು ಅಗಲ ಐತೆ. ನಿಮ್ಮಮ್ಮಂಗೂ ತೋರಿಸ್ದೆ, ಇಷ್ಟು ಓದಿ ಬಿಸಿಲಲ್ಲಿ ಕಲ್ಲು ಆರಿಸೋಕೆ ಹೋಗ್ಬೇಕಿತ್ತಾ ಅಂದ್ಳು, ಹೂಂ ಹೋಗ್ಲೇಬೇಕು, ನಮ್ಮೂರಲ್ಲಿ ಅವು ಸಿಗಲ್ಲವಲ್ಲ ಅಂದೆ. ನಮ್ಮ ಜಿಲ್ಲೆ ಕಲ್ಲು ಅದಕ್ಕಿಂತ ಎಷ್ಟೋ ಹಳೇದು. ಮರಡಿಹಳ್ಳಿ ದಿಂಬಿನಂಥ ಲಾವಾ ನೀರಿನೊಳಗೆ ಉಕ್ಕಿದ್ದು ಅಂತ ನೀನೇ ಕರ್ಕೊಂಡೋಗಿ ತೋರಿಸಿದ್ದೆ, ಆದ್ರೆ ಅದಾಗಿ 250 ಕೋಟಿ ವರ್ಷ ದಾಟಿ ಹೋಗೈತೆ, ಚಿಪ್ಪಿನ ಪ್ರಾಣಿಗಳು ಬಂದಿದ್ದು ಸುಮಾರು 54 ಕೋಟಿ ವರ್ಷದ ಹಿಂದೆ. ಇಲ್ಲೂ ಸಮುದ್ರ ಇತ್ತು, ಅದ್ರೊಳಗೆ ಚಿಪ್ಪು ಇರ್ಲಿಲ್ಲ. ಹಂಗಾಗಿ ನೀನು ತಮಿಳುನಾಡಿಗೆ ಹೋಗಿದ್ದು ಸರಿನೇ.

ಆದ್ರೆ ಆ ಫೋಟೋ ನೋಡಿದಾಗಿಂದ ಒಂದು ವಿಷಯ ತಲೇಲಿ ಕೊರೀತೈತೆ, ಅದಕ್ಕೇ ಬರೀತಿದೀನಿ. ನೀನು ಕಳಿಸಿದ ಹದಿನಾಲ್ಕು ಫೋಟೋದಲ್ಲಿ ಹದಿನಾಲ್ಕೂ ದೊಡ್ಡವೇ, ಒಂದೂ ಮುಕ್ಕಾಗಿಲ್ಲ. ಪ್ರಾಣಿಗಳ ಗಾತ್ರದ ಮೇಲೆ ಕೆಲ್ಸ ಮಾಡೋಳು ನೀನು, ಸಣ್ಣವು ಎಲ್ಲಿ ಹೋದ್ವು?

ನಾನು ಮಂಡಿಯಲ್ಲಿ ಗುಮಾಸ್ತನಾಗಿ ಸೇರಿದ ಹೊಸದು, ಶೇಂಗಾ ಸೀಸನ್ನು, ದಿನಕ್ಕೆ ನೂರಾರು ಚೀಲ. ಸ್ಯಾಂಪಲ್ ತೆಗೆಯೋಕೆ ಚೀಲದ ಹೊಟ್ಟೆಗೆ ಚುಚ್ಚೋ ಕಬ್ಬಿಣದ ಕೊಳವೆ ಇತ್ತು, ಅವಸರದಲ್ಲಿ ನಾನು ಅದನ್ನ ಬಿಟ್ಟು ಬಾಯಿ ಬಿಚ್ಚಿ ಮೇಲಿಂದ ಬೊಗಸೆ ತುಂಬ್ಕೊಂಡು ಬರ್ತಿದ್ದೆ. ಎತ್ತಿನಗಾಡಿ, ಟ್ರಾಕ್ಟರು ಕುಲುಕಾಡಿದ್ರೆ ಸಣ್ಣ ಕಾಯಿ ಸಂದಿಯಲ್ಲಿ ಇಳ್ಕೊಂಡು ತಳ ಸೇರ್ತಾವೆ, ದಪ್ಪನವು ಮೇಲೆ ಬರ್ತಾವೆ, ಅದು ನಂಗೆ ಗೊತ್ತಿರ್ಲಿಲ್ಲ. ಒಬ್ಬ ರೈತನ ಮಾಲಿಗೆ ನನ್ನ ಬೊಗಸೆ ನೋಡಿ ಒಳ್ಳೆ ರೇಟು ಕೂಗಿದ್ರು, ಆಮೇಲೆ ಮಿಲ್ಲಲ್ಲಿ ಬೀಜ ಕಮ್ಮಿ ಇಳೀತು, ಮೇಲೆ ಒಳ್ಳೇದು ಹಾಕಿ ಮೋಸ ಮಾಡಿದಾನೆ ಅಂತ ಆ ಮನುಷ್ಯನ ದುಡ್ಡಲ್ಲಿ ಮುರ್ಕೊಂಡ್ರು. ಅವನು ಏನೂ ಮಾಡಿರ್ಲಿಲ್ಲ. ತಪ್ಪು ನನ್ನ ಕೈದು, ನಾನು ಬಾಯಿ ಬಿಡ್ಲಿಲ್ಲ. ಅವನು ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಹೋಗಿದ್ದು ಇವತ್ತಿಗೂ ಕಣ್ಣಲ್ಲಿ ಐತೆ.

ಅದಕ್ಕೇ ಹೇಳ್ತೀನಿ ತಾಯಿ, ಪ್ರಾಣಿಗಳ ಗಾತ್ರ ಕೋಟಿ ವರ್ಷದಲ್ಲಿ ಹೆಂಗೆ ಬದಲಾಯ್ತು ಅಂತ ಹೇಳೋಕೆ ಹೊರಟೋಳು ಬೊಗಸೆ ಎಲ್ಲಿಂದ ತುಂಬ್ತೀಯ ಅನ್ನೋದನ್ನ ಮೊದ್ಲು ನೋಡ್ಕೋ. ಅರಿಯಲೂರಿನ ಚಿಪ್ಪುಗಳನ್ನ ಸ್ಟೊಲಿಚ್ಕಾ ಅನ್ನೋರು 1860–70ರ ದಶಕದಲ್ಲೇ ವರ್ಣನೆ ಮಾಡಿ ಚಿತ್ರ ಸಮೇತ ಪ್ರಕಟಿಸಿದ್ರು ಅಂತ ನೀನು ಅಂದಿದ್ದೆ, ಬಹಳ ದೊಡ್ಡ ಕೆಲ್ಸ ಅದು, ಆದ್ರೆ ಯಾರೇ ಆಗ್ಲಿ ಚಿತ್ರಕ್ಕೆ ಕೂರಿಸೋದು ಚೆನ್ನಾಗಿ ಉಳಿದಿದ್ದನ್ನೇ ಅಲ್ವಾ. 2015ರಲ್ಲಿ ಬಂದ ಅಧ್ಯಯನದ ಬಗ್ಗೆ ಫೋನಲ್ಲಿ ಹೇಳಿದ್ಯಲ್ಲ, ಸಮುದ್ರದ ಪ್ರಾಣಿಗಳ 17 ಸಾವಿರಕ್ಕೂ ಹೆಚ್ಚು ಕುಲಗಳನ್ನ, ಅಂದ್ರೆ ಹತ್ತಿರದ ಜಾತಿಗಳ ಗುಂಪುಗಳನ್ನ, ಅಳೆದು ಸರಾಸರಿ ಗಾತ್ರ 150 ಪಟ್ಟು ಬೆಳೆದೈತೆ ಅಂದಿದ್ದು, ಅದ್ರಲ್ಲಿ ನಂಗೆ ಹಿಡಿಸಿದ್ದು ಬೇರೆ ಮಾತು, ಎಲ್ಲಾ ಪ್ರಾಣಿನೂ ದೊಡ್ಡದಾಗ್ತಾ ಹೋಗ್ಲಿಲ್ಲ, ಮೊದ್ಲೇ ದಪ್ಪ ಮೈಯಿದ್ದ ವರ್ಗಗಳಲ್ಲಿ ಕವಲು ಜಾಸ್ತಿ ಒಡೆದ್ವು ಅನ್ನೋದು. ಸರಾಸರಿ ಏರಿದ್ದಕ್ಕೆ ಕಾರಣ ಎಷ್ಟು ಥರ ಇರ್ಬೋದು ನೋಡು. ನಮ್ಮಲ್ಲೂ ಯಾರೋ ಈ ವರ್ಷ ಕಾಯಿ ದಪ್ಪ ಅಂದ್ರೆ ಮಳೆ ಚೆನ್ನಾಗಾಗಿದ್ದಕ್ಕಾ, ಇಲ್ಲಾ ದಪ್ಪ ಜಾತಿ ಬೀಜ ಜಾಸ್ತಿ ಜನ ಬಿತ್ತಿದ್ದಕ್ಕಾ ಅಂತ ಕೇಳ್ದೆ ಒಪ್ಕೋಬಾರ್ದು.

ಸಣ್ಣದು ಸಿಕ್ಕಾಗ ಇನ್ನೂ ಹುಷಾರಾಗಿರು. ಸಣ್ಣ ಕಾಯಿ ಅಂದ್ರೆ ಎಳೇ ಕಾಯಿನೋ, ಮಳೆ ಕೈಕೊಟ್ಟು ಸುಕ್ಕಾಗಿದ್ದೋ, ಜಾತಿನೇ ಸಣ್ಣದೋ? ಸಿಪ್ಪೆ ಒಡೆದು ನೋಡಿದ್ರೆ ನಮಗೆ ಗೊತ್ತಾಗ್ತೈತೆ. ನಿಮ್ಮ ಅಮ್ಮೊನೈಟಲ್ಲೂ ದಾರಿ ಐತಲ್ಲ, ಅದು ಕೋಣೆ ಮೇಲೆ ಕೋಣೆ ಕಟ್ಟಿ ಬೆಳೀತೈತೆ, ಬಲಿತ ಮೇಲೆ ಕೊನೆಯ ಗೋಡೆಗಳು ಒತ್ತೊತ್ತಾಗಿ ಬರ್ತಾವೆ, ಹಂಗಿದ್ರೆ ಪುಟ್ಟದಾದ್ರೂ ಅದು ಮರಿ ಅಲ್ಲ. ಒಂದೇ ಜಾತೀಲಿ ದೊಡ್ಡದು ಹೆಣ್ಣು ಸಣ್ಣದು ಗಂಡು ಇರ್ಬೋದು ಅಂತ ಗೊತ್ತಾಗೋ ಮುಂಚೆ ಎಷ್ಟೋ ಕಡೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟಿದ್ರು ಅಂದಿದ್ದೆ. ಅದನ್ನ ಕೇಳಿದಾಗ ನಂಗೆ ಆ ರೈತನೇ ನೆನಪಾದ, ನೋಡ್ದೆ ತೀರ್ಪು ಕೊಟ್ರೆ ಹಿಂಗೇ ಆಗೋದು.

ಇನ್ನೊಂದು, ತೂರೋದು. ಕಣದಲ್ಲಿ ಗಾಳಿ ಹೊಟ್ಟನ್ನ ಒಯ್ದಂಗೆ ಸಮುದ್ರದ ತಳದಲ್ಲಿ ನೀರೂ ತೂರ್ತೈತೆ, ಹಗೂರಾದ ಸಣ್ಣ ಚಿಪ್ಪು ದೂರ ಹೋಗಿ ಬೀಳ್ತಾವೆ, ದಪ್ಪನವು ಅಲ್ಲೇ ನಿಲ್ತಾವೆ. ಆ ಪದರದಲ್ಲಿ ದೊಡ್ಡವೇ ತುಂಬಿದ್ರೆ ಅಲ್ಲಿ ದೊಡ್ಡವೇ ಬಾಳಿದ್ವು ಅಂತಲ್ಲ. ಚಿಪ್ಪಿನ ಪದಾರ್ಥನೂ ನೋಡು, ಅಮ್ಮೊನೈಟಿಂದು ಬೇಗ ಕರಗೋ ಅರಗೊನೈಟು ಅನ್ನೋ ಸುಣ್ಣ, ಅಲ್ಲಿನ ಕಲ್ಲಂಕುರಿಚಿ ಸುಣ್ಣಕಲ್ಲಲ್ಲಿ ರಾಶಿ ಬಿದ್ದಿರೋ ಆಯ್ಸ್ಟರ್ ಚಿಪ್ಪು ಕ್ಯಾಲ್ಸೈಟು ಅನ್ನೋ ಸುಣ್ಣ, ತಡೀತೈತೆ. ಉಳಿದಿದ್ದನ್ನ ಮಾತ್ರ ಎಣಿಸಿ ಬಾಳಿದ್ದನ್ನ ಎಣಿಸ್ದೆ ಅಂದ್ಕೋಬೇಡ.

ತಪ್ಪು ಆ ಕಡೆಗೂ ಆಗ್ತೈತೆ. 25 ಕೋಟಿ ವರ್ಷದ ಹಿಂದೆ ಬಹುಪಾಲು ಜೀವಜಾತಿ ಅಳಿದುಹೋದ ಆ ಮಹಾನಾಶ ಆದ್ಮೇಲೆ ಸಮುದ್ರದ ಬಸವನಹುಳಗಳು ಕುಬ್ಜ ಆಗೋದ್ವು ಅಂತ ಬಹಳ ಕಾಲ ನಂಬಿದ್ರು, 2010ರಲ್ಲಿ ಅಮೆರಿಕದ ಯೂಟಾ ಕಡೆಯ ಅದೇ ಕಾಲದ ಕಲ್ಲಲ್ಲಿ ದೊಡ್ಡವೂ ಇದಾವೆ ಅಂತ ತೋರಿಸಿದ್ರು. ಅಲ್ಲಿ ಚೀಲದ ತಳ ಮಾತ್ರ ನೋಡಿದ್ರು, ಮೇಲಿಂದು ನೋಡಿರ್ಲಿಲ್ಲ ಅಂತ ನಾನು ಅರ್ಥ ಮಾಡ್ಕೊಂಡಿದೀನಿ, ಸರಿನಾ ಹೇಳು.

ಮುರಿದ ಚಿಪ್ಪನ್ನೂ ಎಸೀಬೇಡ. ಮೇಲೆ ದುಂಡನೆ ತೂತು ಇದ್ರೆ ಯಾವ್ದೋ ಬಸವನಹುಳ ಕೊರ್ಕೊಂಡು ತಿಂದೈತೆ ಅಂತ, ತೂತಿನ ಅಗಲ ತಿಂದೋನ ಗಾತ್ರ ಹೇಳ್ತೈತೆ, ಒಂದೇ ಚಿಪ್ಪಲ್ಲಿ ಎರಡು ಜೀವದ ಲೆಕ್ಕ. ಮುರಿದಿದ್ದು ಎಷ್ಟು, ಬಿಟ್ಟಿದ್ದು ಎಷ್ಟು, ಯಾಕೆ ಬಿಟ್ಟೆ ಅಂತ ಅವತ್ತೇ ನೋಟ್‌ಬುಕ್ಕಲ್ಲಿ ಬರಿ, ಸಂಜೆ ರೂಮಿಗೆ ಹೋಗಿ ಬರೀತೀನಿ ಅನ್ಬೇಡ. ಗಣಿ ಒಳಗೆ ಕೇಳ್ದೆ ಕಾಲಿಡಬೇಡ, ಒಬ್ಬಳೇ ದರಿಯಂಚಿಗೆ ಹೋಗ್ಬೇಡ, ನೀರು ಜಾಸ್ತಿ ಇಟ್ಕೋ, ಅಲ್ಲಿನ ಬಿಸಿಲು ನಮ್ಮೂರಿನದಕ್ಕಿಂತ ಕಮ್ಮಿ ಇಲ್ಲ.

ಮಂಡಿ ಬಿಟ್ಟಾಗ ತಂದಿಟ್ಕೊಂಡ ಜರಡಿ ಮೂರು ಇದಾವೆ, ದಪ್ಪ ಕಣ್ಣಿಂದು, ನಡುವಿಂದು, ಸಣ್ಣದು. ತಿಕ್ಕಿ ತೊಳ್ದು ಒಣಗಿಸಿದೀನಿ, ನಿಮ್ಮಪ್ಪ ಶನಿವಾರ ಬೆಂಗ್ಳೂರಿಗೆ ಹೋಗ್ತಾನೆ, ಅವನ ಕೈಲಿ ಕಳಿಸ್ತೀನಿ. ಒಂದು ಕಡೆ ಮಣ್ಣು ಪೂರಾ ಜರಡಿ ಹಿಡಿದು, ಮೂರರಲ್ಲೂ ಉಳಿದಿದ್ದನ್ನ ಬೇರೆ ಬೇರೆ ಪೇಪರ್ ಮೇಲೆ ಹರವಿ, ಪಕ್ಕದಲ್ಲಿ ಒಂದು ರೂಪಾಯಿ ಕಾಯಿನ್ ಇಟ್ಟು ಫೋಟೋ ಕಳಿಸು, ಕನ್ನಡಕ ಹಾಕ್ಕೊಂಡು ಕೂತು ಎಣಿಸ್ತೀನಿ.

ಇಂತಿ ನಿನ್ನ
ದೊಡ್ಡಪ್ಪ