ಹೊದಿಕೆ ಬೆಳೆ ಬಿತ್ತುವ ಮುನ್ನ ನೀರಿನ ಲೆಕ್ಕ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕೈತೋಟದ ಮಣ್ಣು ಸುಧಾರಿಸಬೇಕಾದರೆ ಹೊದಿಕೆ ಬೆಳೆ, ಅಂದರೆ ಫಸಲಿಗಲ್ಲದೆ ನೆಲ ಮುಚ್ಚಿ ಮಣ್ಣಿಗೇ ಮರಳಿಸಲೆಂದು ಬೆಳೆಸುವ ಬೆಳೆ, ಬೆಳೆಯಿರಿ ಎಂಬ ಸಲಹೆ ಈಚೆಗೆ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಸರಿಯಾದದ್ದೇ. ಆದರೆ ಅದರ ಜೊತೆಗೆ ಹೇಳುವ ವಿಧಾನ ಬಹುಮಟ್ಟಿಗೆ ಚಳಿನಾಡುಗಳದು: ಕೊಯ್ಲು ಮುಗಿದೊಡನೆ ರೈ ಹುಲ್ಲನ್ನೋ ಕ್ಲೋವರನ್ನೋ ಬಿತ್ತಿ, ಚಳಿಗಾಲ ಕಳೆಯುವವರೆಗೂ ಬಿಟ್ಟು, ಆಮೇಲೆ ಅಗೆದು ಮಣ್ಣಿಗೆ ಸೇರಿಸುವುದು. ಅಲ್ಲಿನ ನೆಲದಲ್ಲಿ ತೇವ ಮಿಗುವಷ್ಟಿರುವುದರಿಂದ ಬೆಳೆ ಒಂದಿಷ್ಟು ನೀರು ಹೀರಿದರೆ ಯಾರಿಗೂ ನಷ್ಟವಿಲ್ಲ. ಬಿಸಿಲು ಜೋರಾಗಿದ್ದು ಮಳೆ ಕಡಿಮೆಯಿರುವ ಕಡೆ ಇದನ್ನೇ ಅನುಸರಿಸಿದವರು ಒಂದೇ ವರ್ಷದಲ್ಲಿ ಕೈಸುಟ್ಟುಕೊಂಡು, ಇದರ ಸಹವಾಸವೇ ಬೇಡ ಎನ್ನುತ್ತಾರೆ.

ನಾನೂ ಹಾಗೆಂದವನೇ. ಮಳೆಗಾಲ ಮುಗಿಯುವ ಹೊತ್ತಿಗೆ ಅಲಸಂದೆ ಬಿತ್ತಿ, ಹೂವು ಬಂದಾಗಲೇ ಕೊಯ್ಯಬೇಕಿದ್ದುದನ್ನು ನಾಲ್ಕು ಕಾಯಿ ಸಿಗಲೆಂಬ ಆಸೆಗೆ ಬಿಟ್ಟುಕೊಂಡೆ. ಕಾಯಿಯೇನೋ ಸಿಕ್ಕಿತು. ಆದರೆ ಬಳ್ಳಿ ತೆಗೆದು ಗುದ್ದಲಿ ಹಾಕಿದರೆ ಒಂದಡಿ ಆಳದವರೆಗೂ ಮಣ್ಣು ಹೆಂಟೆ ಹೆಂಟೆಯಾಗಿ ಒಣಗಿತ್ತು, ಆಮೇಲೆ ನೆಟ್ಟ ಬದನೆ ಸಸಿಗಳು ಎಷ್ಟು ನೀರು ಹಾಕಿದರೂ ಚೇತರಿಸಿಕೊಳ್ಳಲಿಲ್ಲ. ಹೊದಿಕೆ ಬೆಳೆಯೂ ಒಂದು ಬೆಳೆಯೇ, ಅದಕ್ಕೂ ನೀರು ಬೇಕು ಎಂಬ ಸರಳ ಸಂಗತಿ ನನಗೆ ಹೊಳೆದದ್ದು ಆಗ. ಅಂದಿನಿಂದ ಮೊದಲ ಹದ ಮಳೆಗೇ ಬಿತ್ತುತ್ತೇನೆ. ಇನ್ನೂ ಒಂದೆರಡು ಮಳೆ ಬಾಕಿಯಿರುವಾಗಲೇ ಕತ್ತರಿಸುತ್ತೇನೆ. ಕಡು ಬೇಸಿಗೆಯಲ್ಲಿ ಹೊದಿಕೆಗೆಂದೇ ನೀರು ಕಟ್ಟಿ ಬೆಳೆ ಬೆಳೆಯುವುದು ನನ್ನ ಮಟ್ಟಿಗೆ ದುಂದು. ಆ ಕಾಲಕ್ಕೆ ಒಣಗಿದ ಎಲೆ, ಕಡ್ಡಿ, ಹುಲ್ಲುಗಳ ಮುಚ್ಚಿಗೆಯೇ ಸಾಕು.

ಬೆಳೆಗಳ ಆಯ್ಕೆ ಕಷ್ಟವೇನಲ್ಲ. ಸೆಣಬು (ಗೋಣಿಚೀಲದ ಸೆಣಬಲ್ಲ, ಹಳದಿ ಹೂವಿನ ದ್ವಿದಳ ಸೆಣಬು) ಬೇಗ ಎತ್ತರಕ್ಕೆ ಬೆಳೆದು 45ರಿಂದ 60 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಲಸಂದೆ ನೆಲವನ್ನು ಬೇಗನೆ ಮುಚ್ಚುತ್ತದೆ. ಮಣ್ಣು ಬಡವಾಗಿದ್ದು ಮಳೆಯೂ ಕೈಕೊಡುವಂತಿದ್ದರೆ ಹುರುಳಿಗಿಂತ ನಂಬಿಕಸ್ಥ ಬೆಳೆ ಇಲ್ಲ. ಇವುಗಳ ಜೊತೆ ಒಂದಿಷ್ಟು ಸಜ್ಜೆ ಬೆರೆಸಿ ಬಿತ್ತಿದರೆ ಕೊಯ್ದ ಮೇಲೆ ಬೇಗ ಕರಗದ ದಂಟು ಸಿಗುತ್ತದೆ. ಸೆಣಬು, ಅಲಸಂದೆ, ಹುರುಳಿಯಂಥ ದ್ವಿದಳ ಬೆಳೆಗಳು ಮಣ್ಣಿಗೆ ಸಾರಜನಕ ಕೂಡಿಸುವ ತಮ್ಮ ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ತಿಂಗಳಾದ ಒಂದು ಗಿಡವನ್ನು ಬೇರು ಹರಿಯದಂತೆ ಮೆಲ್ಲಗೆ ಎಬ್ಬಿಸಿ, ಬೇರಿಗಂಟಿದ ಸಣ್ಣ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ನಸುಗೆಂಪು ಬಣ್ಣವಿದ್ದರೆ ರೈಜೋಬಿಯಂ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿವೆ ಎಂದರ್ಥ. ಗಂಟು ಬಿಳುಪಾಗಿಯೋ ಹಸಿರಾಗಿಯೋ ಇದ್ದರೆ ಕೆಲಸ ಆಗುತ್ತಿಲ್ಲ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪಿಸಬೇಕು. ಅಲಸಂದೆಗೆಂದು ಕೊಡುವ ಲೇಪನವೇ ಸೆಣಬು, ಹೆಸರು, ಹುರುಳಿಗಳಿಗೂ ಒಗ್ಗುತ್ತದೆ. ಬೇರುಗಂಟು ಜಂತುಹುಳುವಿನ (ಬೇರಿನೊಳಗೆ ಹೊಕ್ಕು ರೋಗದ ಗಂಟು ಬರಿಸುವ ಸೂಕ್ಷ್ಮ ಹುಳು) ಕಾಟವಿರುವ ಮಡಿಯಲ್ಲಿ ಮಾತ್ರ ಅಲಸಂದೆ ಬೇಡ, ಅದರ ಹಲವು ತಳಿಗಳಲ್ಲಿ ಆ ಹುಳು ಇನ್ನಷ್ಟು ಹೆಚ್ಚುತ್ತದೆ. ಸೆಣಬು ಅದನ್ನು ತಗ್ಗಿಸುತ್ತದೆ.

ನನಗೆ ನಿಜವಾದ ತಕರಾರಿರುವುದು ಕೊಯ್ದ ಮೇಲಿನ ಕೆಲಸದ ಬಗ್ಗೆ. ಹಸಿರೆಲೆ ಗೊಬ್ಬರವೆಂದರೆ ಅಗೆದು ಹೂಳಲೇಬೇಕು ಎಂಬ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮಣ್ಣು ಬಿಸಿಯಾದಷ್ಟೂ ಸಾವಯವ ಅಂಶ ಬೇಗ ಕರಗುತ್ತದೆ, ಅಗೆದು ಗಾಳಿಯಾಡಿಸಿದರೆ ಇನ್ನೂ ಬೇಗ. ತಿಂಗಳುಗಟ್ಟಲೆ ಬೆಳೆಸಿದ್ದರಲ್ಲಿ ದೊಡ್ಡ ಪಾಲು ಕೆಲವೇ ವಾರಗಳಲ್ಲಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದರ ಬದಲು ಹೂವು ಮೂಡುವ ಹೊತ್ತಿಗೆ ನೆಲಮಟ್ಟಕ್ಕೆ ಕುಡುಗೋಲು ಹಾಕಿ, ಬೇರನ್ನು ಮಣ್ಣಿನಲ್ಲೇ ಉಳಿಸಿ, ಸೊಪ್ಪುದಂಟುಗಳನ್ನು ಮಡಿಯ ಮೇಲೆಯೇ ಹರಡಬಹುದು. ಬೇರು ಕೊಳೆತ ದಾರಿಯಲ್ಲಿ ಮುಂದಿನ ಮಳೆಯ ನೀರು ಇಳಿಯುತ್ತದೆ. ಮೇಲಿನ ಹೊದಿಕೆಯ ಪ್ರಯೋಜನ ತಿಳಿಯಲು ಮಧ್ಯಾಹ್ನ ಎರಡು ಗಂಟೆಗೆ ಬರಿ ಮಣ್ಣಿನ ಮೇಲೊಮ್ಮೆ, ಸೊಪ್ಪಿನಡಿಯಲ್ಲೊಮ್ಮೆ ಕೈಯಿಟ್ಟರೆ ಸಾಕು. ಕಡು ಬಿಸಿಲಿನಲ್ಲಿ ಒಣ ಬರಿನೆಲದ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಅಲ್ಲಿ ಅಂಗೈ ನಿಲ್ಲುವುದಿಲ್ಲ.

ಹೂಳಲೇಬೇಕೆನ್ನುವವರು ಮಣ್ಣಿನಲ್ಲಿ ಹದವಿರುವಾಗ ಹೂಳಿ, ಎರಡು ಮೂರು ವಾರ ಕಾಯಲಿ. ಹಸಿ ಸೊಪ್ಪು ಕೊಳೆಯುತ್ತಿರುವಾಗ ಬೀಜ ಹಾಕಿದರೆ ಮೊಳಕೆಗಳು ಸಾಯಬಹುದು. ಒಣ ಮಣ್ಣಿನಲ್ಲಾದರೆ ಸೊಪ್ಪು ಕೊಳೆಯುವುದೇ ಇಲ್ಲ. ಬಲಿತ ಸಜ್ಜೆಯ ದಂಟನ್ನಂತೂ ಹೂಳಬಾರದು, ಅದನ್ನು ಕರಗಿಸಲು ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ತರಕಾರಿ ಗಿಡಗಳು ಹಳದಿಯಾಗುತ್ತವೆ.

ತಮ್ಮ ಕೃಷಿ ಪುಟದಲ್ಲಿ ಇಂತಹ ಬೆಳೆಗಳ ಬಗ್ಗೆ ಬರೆಯುವಾಗ ಬಿತ್ತುವ ಕಾಲದ ಜೊತೆಗೆ ಕತ್ತರಿಸುವ ಕಾಲವನ್ನೂ ತಪ್ಪದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ